ವೈನ್ ಕುಡಿಯದ, ಸಸ್ಯಾಹಾರಿಗಳಾದ ತಂದೆತಾಯಿಯನ್ನು ಫ್ರಾನ್ಸಿನ ವೈನ್ ನಾಡಾದ ಆಲ್ಸಾಸ್‌ಗೆ ಕರೆದೊಯ್ಯುವುದು ವ್ಯರ್ಥವೇ? ಒಂದೇ ದಿನದಲ್ಲಿ ಐದು ಹಳ್ಳಿಗಳನ್ನು ನೋಡಬಹುದೇ?

ನಿಮ್ಮ ಪಟ್ಟಿಯಲ್ಲಿರುವ ಐದು ಹಳ್ಳಿಗಳ ಹೆಸರುಗಳನ್ನು ಓದುತ್ತಿದ್ದಂತೆಯೇ ಉತ್ತರ ಬರೆಯಲು ಕುಳಿತೆ. ಆಲ್ಸಾಸ್‌ನ ದೊಡ್ಡ ನಗರ ಸ್ಟ್ರಾಸ್‌ಬರ್ಗ್‌ನಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟು, ಹಳ್ಳಿಯೊಂದಕ್ಕೆ ಮುಕ್ಕಾಲು ಗಂಟೆ ಎಂದು ಲೆಕ್ಕ ಹಾಕಿ, ಸಂಜೆಗೆ ಮರಳುವ ಇದೇ ಯೋಜನೆಯನ್ನು ನಾನೂ ಮಾಡಿದ್ದೆ. ನನ್ನ ಜೊತೆಯಲ್ಲಿದ್ದವರೂ ಮೊಟ್ಟೆಯನ್ನೂ ಮುಟ್ಟದ, ಮದ್ಯದ ವಾಸನೆಯನ್ನೂ ಸಹಿಸದ ಅಪ್ಪ ಅಮ್ಮ.

ಅಪ್ಪ ಚಿಕ್ಕಬಳ್ಳಾಪುರದ ಕಡೆ ಬಹಳ ವರ್ಷ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದವರು. ನಾನು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕೆಲಸದಲ್ಲಿದ್ದೇನೆ; ಅಲ್ಲಿಂದ ರೈನ್ ನದಿ ದಾಟಿದರೆ ಆಲ್ಸಾಸ್ ದೂರವೇನಲ್ಲ. ದ್ರಾಕ್ಷಿ ಬೆಳೆದವರಿಗೆ ದ್ರಾಕ್ಷಿಯ ನಾಡು ತೋರಿಸಬೇಕೆಂಬ ಆಸೆ ನನಗಿತ್ತಾದರೂ, ಯೋಜನೆ ಹಾಕುವಾಗ ಆ ಆಸೆಯನ್ನು ಮರೆತು, ಚಿತ್ರಗಳಲ್ಲಿ ಚೆನ್ನಾಗಿ ಕಾಣುವ ಹಳ್ಳಿಗಳನ್ನೇ ಜೋಡಿಸಿದೆ. ಮಾರ್ಲೆನ್‌ಹೈಮ್‌ನಿಂದ ತಾನ್‌ವರೆಗೆ ಸುಮಾರು 170 ಕಿಲೋಮೀಟರ್ ಉದ್ದದ, 1953ರಲ್ಲಿ ಉದ್ಘಾಟನೆಯಾದ ವೈನ್ ಮಾರ್ಗವೊಂದು ಅಲ್ಲಿದೆ. ನಕ್ಷೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹತ್ತು ನಿಮಿಷದ ದಾರಿ ಎಂದು ಕಂಡಾಗ ಯಾರಿಗಾದರೂ ಇನ್ನೊಂದು ಊರನ್ನು ಸೇರಿಸೋಣವೆನಿಸುತ್ತದೆ.

ನಾವು ಹೋದದ್ದು ಜೂನ್ ತಿಂಗಳ ಒಂದು ಸೋಮವಾರ. ಬೆಳಿಗ್ಗೆ ಮೊದಲ ಎರಡು ಊರುಗಳಲ್ಲಿ ಮರದ ಚೌಕಟ್ಟಿನ ಮನೆಗಳು, ಕಿಟಕಿಗಳ ಜೆರೇನಿಯಂ ಹೂಗಳು, ಚಾವಣಿಯ ಮೇಲಿನ ಕೊಕ್ಕರೆ ಗೂಡುಗಳು ಎಲ್ಲವೂ ಚೆನ್ನಾಗಿದ್ದವು. ಫೋಟೊ ತೆಗೆಯುತ್ತ ಸಮಯ ಜಾರಿ, ಊಟಕ್ಕೆಂದು ಗೊತ್ತುಮಾಡಿಕೊಂಡಿದ್ದ ರಿಕ್ವೀರ್ ತಲುಪುವಾಗ ಎರಡು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ನಾನು ಆರಿಸಿಟ್ಟಿದ್ದ ಹೋಟೆಲಿನ ಬಾಗಿಲು ತೆರೆದಿತ್ತು, ಒಳಗೆ ಜನ ಕುಳಿತಿದ್ದರು, ಫೋನಿನಲ್ಲಿ ‘ಈಗ ತೆರೆದಿದೆ’ ಎಂದೇ ತೋರಿಸುತ್ತಿತ್ತು. ಆದರೆ ಅಡುಗೆಮನೆ ಎರಡು ಗಂಟೆಗೇ ಮುಚ್ಚಿತ್ತು. ಒಳಗಿದ್ದವರು ಊಟ ಮುಗಿಸಿ ಕಾಫಿ ಕುಡಿಯುತ್ತಿದ್ದವರು. ಮುಂದಿನ ಹೋಟೆಲಿನಲ್ಲಿಯೂ ಅದೇ ಮಾತು. ಅದರಾಚೆಯದಕ್ಕೆ ಸೋಮವಾರ ವಾರದ ರಜೆ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಬೆಳೆದವರಿಗೆ ಇದು ತಲೆಗೆ ಹತ್ತುವುದು ತಡವಾಗಿಯೇ. ಬೆಂಗಳೂರಿನ ದರ್ಶಿನಿಯಲ್ಲಿ ಮಧ್ಯಾಹ್ನ ಮೂರಕ್ಕೆ ಹೋದರೂ ಏನಾದರೊಂದು ಸಿಗುತ್ತದೆ. ಜರ್ಮನಿಯ ದೊಡ್ಡ ಊರುಗಳಲ್ಲಿಯೂ ಹೊಟ್ಟೆ ತುಂಬಿಸಿಕೊಳ್ಳುವುದು ಕಷ್ಟವಿಲ್ಲ. ಫ್ರಾನ್ಸಿನ ಹಳ್ಳಿಗಳಲ್ಲಿ ಮಧ್ಯಾಹ್ನದ ಅಡುಗೆ ಹನ್ನೆರಡರಿಂದ ಸುಮಾರು ಎರಡರವರೆಗೆ, ರಾತ್ರಿಯ ಅಡುಗೆ ಏಳರ ಹೊತ್ತಿಗೆ ಆರಂಭ. ನಡುವಿನ ಐದು ಗಂಟೆಗಳಲ್ಲಿ ಒಲೆ ಹಚ್ಚುವವರು ವಿರಳ. ಭಾನುವಾರ ಭರ್ತಿ ಕೆಲಸವಿರುವುದರಿಂದ ಅನೇಕ ಹೋಟೆಲುಗಳು ಸೋಮವಾರ ಅಥವಾ ಮಂಗಳವಾರ, ಕೆಲವೊಮ್ಮೆ ಎರಡೂ ದಿನ, ಬಾಗಿಲು ಹಾಕುತ್ತವೆ. ಇಡೀ ದಿನ ಊಟ ಕೊಡುವ ಕಡೆಗಳಲ್ಲಿ ‘ಸರ್ವಿಸ್ ಕಾಂತಿನ್ಯೂ’ ಎಂದು ಹಲಗೆ ಹಾಕಿರುತ್ತಾರೆ, ಆದರೆ ಅಂಥವು ಕಡಿಮೆ, ಮತ್ತು ಅವುಗಳ ಪಟ್ಟಿಯಲ್ಲಿ ಹಂದಿಮಾಂಸವಿಲ್ಲದ ತಿನಿಸು ಇನ್ನೂ ಕಡಿಮೆ. ನಾನು ಮಾಡಿದ ತಪ್ಪು ತಡವಾಗಿ ಹೋದದ್ದಷ್ಟೇ ಅಲ್ಲ. ದಿನವನ್ನು ಹಳ್ಳಿಗಳಿಂದ ಭಾಗಿಸಿ, ಉಳಿದ ಸಮಯದಲ್ಲಿ ಊಟವನ್ನು ತುರುಕಿದ್ದೇ ತಪ್ಪು. ಹನ್ನೆರಡೂವರೆಗೆ ಒಂದು ಮೇಜನ್ನು ಮೊದಲೇ ಕಾಯ್ದಿರಿಸಿ, ಅದರ ಹಿಂದೆ ಮುಂದೆ ಏನು ನೋಡಬಹುದೆಂದು ಯೋಚಿಸಬೇಕಾಗಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆಯಿದೆ. ಒಂದು ಗಂಟೆಗೆ ಊಟವೆಂಬ ನನ್ನ ಮಾತನ್ನು ನಂಬಿ ಬೆಳಿಗ್ಗೆ ಮಾತ್ರೆ ನುಂಗಿದ್ದರು. ಊಟವಿಲ್ಲದೆ ರಕ್ತದ ಸಕ್ಕರೆ ಇಳಿದು, ಮೂರು ಗಂಟೆಯ ಹೊತ್ತಿಗೆ ಊರ ಕೊನೆಯ ಡೋಲ್ಡರ್ ಗೋಪುರದ ಬಳಿ ಬೆವರುತ್ತ, ಕೈ ನಡುಗುತ್ತ ಕಲ್ಲುಕಟ್ಟೆಯ ಮೇಲೆ ಕುಳಿತುಬಿಟ್ಟರು. 1291ರಲ್ಲಿ ಕಟ್ಟಿದ ಆ ಗೋಪುರವನ್ನು ಅಂದು ನಾವು ತಲೆಯೆತ್ತಿಯೂ ನೋಡಲಿಲ್ಲ. ಎದುರಿನ ವೈನ್ ನೆಲಮಾಳಿಗೆಯ ಹೆಂಗಸೊಬ್ಬರು ನೋಡಿ, ಏನೆಂದು ಕೇಳಿ, ತಮ್ಮದೇ ತೋಟದ ದ್ರಾಕ್ಷಿ ರಸದ ಬಾಟಲಿ ತಂದು ದೊಡ್ಡ ಲೋಟಕ್ಕೆ ಬಗ್ಗಿಸಿ ಕೊಟ್ಟರು. ವೈನ್ ಅಲ್ಲ, ರಸ ಎಂದು ಮೂರು ಸಲ ಹೇಳಿದ ಮೇಲೆಯೇ ಅಮ್ಮ ಅದನ್ನು ಅಪ್ಪನ ಬಾಯಿಗೆ ಹಿಡಿಯಲು ಬಿಟ್ಟರು. ಕಾಲು ಗಂಟೆಯಲ್ಲಿ ಅಪ್ಪ ಸುಧಾರಿಸಿಕೊಂಡರು. ಆಕೆ ಹಣ ತೆಗೆದುಕೊಳ್ಳಲಿಲ್ಲ.

ಉಳಿದ ಹಳ್ಳಿಗಳನ್ನು ಕೈಬಿಟ್ಟು ಹತ್ತಿರದ ಪಟ್ಟಣ ಕೋಲ್ಮಾರ್‌ನಲ್ಲಿ ಕೊಠಡಿ ಹಿಡಿದೆವು. ಸಂಜೆ ನೋಡಬೇಕೆಂದಿದ್ದ ಅಲ್ಲಿನ ಉಂಟರ್‌ಲಿಂಡನ್ ವಸ್ತುಸಂಗ್ರಹಾಲಯ ತಪ್ಪಿತು, ಮರುದಿನ ಮಂಗಳವಾರ ಅದಕ್ಕೆ ರಜೆ, ಬುಧವಾರ ನನಗೆ ಕೆಲಸ. ಅಮ್ಮ ಅದನ್ನು ನೋಡದೆಯೇ ಊರಿಗೆ ಮರಳಿದರು. ಆಮೇಲೆ ನಾನೊಬ್ಬನೇ ಹೋಗಿ ನೋಡಿದಾಗ ಏನು ಕಳೆದುಕೊಂಡೆವೆಂದು ತಿಳಿಯಿತು. ಹದಿಮೂರನೆಯ ಶತಮಾನದ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿರುವ ಆ ಸಂಗ್ರಹಾಲಯದಲ್ಲಿ, ಮತ್ತಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಈಸೆನ್‌ಹೈಮ್ ಮಠಕ್ಕಾಗಿ ಚಿತ್ರಿಸಿದ, ಚರ್ಚಿನ ಪೂಜಾಪೀಠದ ಮೇಲೆ ನಿಲ್ಲಿಸುವ ಬೃಹತ್ ಪೀಠಚಿತ್ರವಿದೆ. ಈಸೆನ್‌ಹೈಮ್ ಮಠದವರು ಶುಶ್ರೂಷೆ ಮಾಡುತ್ತಿದ್ದದ್ದು ‘ಸಂತ ಆಂಟನಿಯ ಬೆಂಕಿ’ ಎಂಬ ರೋಗಕ್ಕೆ. ನಮ್ಮಲ್ಲಿ ಸಜ್ಜೆಗೆ ತಗಲುವ ಜೋನಿ ರೋಗದ ಕುಲದ್ದೇ ಆದ ಶಿಲೀಂಧ್ರ ರೈ ಧಾನ್ಯದಲ್ಲಿ ಬೆಳೆದು, ಆ ಹಿಟ್ಟಿನ ರೊಟ್ಟಿ ತಿಂದ ಬಡವರ ಕೈಕಾಲುಗಳು ಉರಿದು ಕೊಳೆಯುತ್ತಿದ್ದವು. ಶಿಲುಬೆಯ ಮೇಲಿನ ಕ್ರಿಸ್ತನ ಹಸಿರುಗಟ್ಟಿದ ಚರ್ಮದ ತುಂಬ ಹುಣ್ಣುಗಳನ್ನೂ ಮುಳ್ಳುಗಳನ್ನೂ ಬರೆದಿರುವುದು ತಮ್ಮ ನೋವನ್ನು ದೇವರೂ ಅನುಭವಿಸಿದನೆಂದು ಆ ರೋಗಿಗಳು ಕಾಣಲೆಂದು. ಸಂತನ ಅಸ್ಥಿಗಳ ಮೇಲೆ ಸುರಿದು ಮೂಲಿಕೆ ಬೆರೆಸಿದ ವೈನನ್ನು ಔಷಧಿಯಾಗಿ ಕೊಡುವುದು ಸಂತ ಆಂಟನಿಯ ಪಂಥದ ಮಠಗಳ ಪದ್ಧತಿಯಾಗಿತ್ತು. ಜಿಲ್ಲಾಸ್ಪತ್ರೆಯಲ್ಲಿ ಮೂವತ್ತು ವರ್ಷ ದಾದಿಯಾಗಿದ್ದ ಅಮ್ಮ ನಿಲ್ಲಬೇಕಾಗಿದ್ದ ಜಾಗವದು. ನಿಮ್ಮ ಪಟ್ಟಿಯಲ್ಲಿ ಈ ಹೆಸರೇ ಇಲ್ಲ. ಯಾವುದಾದರೂ ಎರಡು ಹಳ್ಳಿಗಳನ್ನು ಅಳಿಸಿ ಇದನ್ನು ಬರೆದುಕೊಳ್ಳಿ.

ಇನ್ನು ಮದ್ಯ ಮುಟ್ಟದವರಿಗೆ ವೈನ್ ಪ್ರದೇಶ ವ್ಯರ್ಥವೆಂಬ ನಿಮ್ಮ ಅನುಮಾನವನ್ನು ನಾನು ಒಪ್ಪುವುದಿಲ್ಲ. ಮರುದಿನ ಮಂಗಳವಾರ, ಬೇರೇನೂ ತೋಚದೆ, ರಿಕ್ವೀರ್‌ನಿಂದ ಹುನಾವೀರ್ ಮೂಲಕ ರಿಬೋವಿಲೇವರೆಗೆ ದ್ರಾಕ್ಷಿ ತೋಟಗಳ ನಡುವಿನ ಹಾದಿಯಲ್ಲಿ ನಿಧಾನವಾಗಿ ನಡೆದೆವು. ಒಟ್ಟು ಐದು ಕಿಲೋಮೀಟರಿನಷ್ಟು ದಾರಿ, ಏರಿಳಿತ ಹೆಚ್ಚಿಲ್ಲ. ಅಪ್ಪ ನಿಜವಾಗಿ ಆಲ್ಸಾಸ್ ನೋಡಿದ್ದು ಅಲ್ಲಿ. ಚಪ್ಪರವಿಲ್ಲದೆ ತಂತಿಗೆ ಕಟ್ಟಿ ಸಾಲಾಗಿ ನಿಲ್ಲಿಸಿದ ಬಳ್ಳಿಗಳನ್ನು ಅವರು ಮುಟ್ಟಿ ಮುಟ್ಟಿ ನೋಡಿದರು. ಹೂವು ಉದುರಿ ಕಾಳು ಕಟ್ಟುವ ಸಮಯವದು. ಎಲೆಗಳ ಮೇಲೆ ತೆಳು ನೀಲಿ ಕಲೆಗಳಿದ್ದವು. ಒಂದು ಎಲೆಯನ್ನು ಬೆರಳಿನಿಂದ ಉಜ್ಜಿ ನೋಡಿದ ಅಪ್ಪ, “ಇದು ಬೋರ್ಡೋ ದ್ರಾವಣ ಅಲ್ಲವೇನೋ?” ಎಂದರು. ಶಿಲೀಂಧ್ರ ರೋಗಗಳಿಗೆ ಸಿಂಪಡಿಸುವ, ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣವನ್ನು ನಮ್ಮ ಅಡಿಕೆ ತೋಟಗಳವರೂ ದ್ರಾಕ್ಷಿ ಬೆಳೆಗಾರರೂ ಚೆನ್ನಾಗಿ ಬಲ್ಲರು. ಅದು ಹುಟ್ಟಿದ್ದು 1880ರ ದಶಕದಲ್ಲಿ, ಇದೇ ಫ್ರಾನ್ಸಿನ ಇನ್ನೊಂದು ತುದಿಯ ಬೋರ್ಡೋ ದ್ರಾಕ್ಷಿ ಸೀಮೆಯಲ್ಲಿ.

ಸಾಲಿನ ಆಚೆ ಕುಡಿಗಳನ್ನು ತಂತಿಯೊಳಗೆ ಸೇರಿಸುತ್ತಿದ್ದ ವಯಸ್ಸಾದ ಬೆಳೆಗಾರರು ಇದನ್ನು ನೋಡಿ ಹತ್ತಿರ ಬಂದರು. ಅವರಿಗೆ ಜರ್ಮನ್ ಚೆನ್ನಾಗಿ ಬರುತ್ತಿದ್ದುದರಿಂದ ನಾನು ನಡುವೆ ನಿಂತು ಮಾತು ದಾಟಿಸಿದೆ. ನಮ್ಮ ಕಡೆ ವರ್ಷಕ್ಕೆ ಎರಡು ಬಾರಿ ಪ್ರೂನಿಂಗ್ ಮಾಡಿ ಎರಡು ಬೆಳೆ ತೆಗೆಯುತ್ತೇವೆಂದು ಅಪ್ಪ ಹೇಳಿದಾಗ ಅವರು ನಂಬಲೇ ಇಲ್ಲ. ಬಳ್ಳಿಗೆ ವಿಶ್ರಾಂತಿ ಯಾವಾಗ ಎಂದು ಮತ್ತೆ ಮತ್ತೆ ಕೇಳಿದರು. ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರವನ್ನು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋಗಿಂತ ಹೆಚ್ಚು ಬಳಸುವಂತಿಲ್ಲವೆಂಬ ಯುರೋಪಿನ ನಿಯಮವನ್ನು ಅವರು ಹೇಳಿದಾಗ ಅಚ್ಚರಿಪಡುವ ಸರದಿ ಅಪ್ಪನದಾಯಿತು. ಪಶ್ಚಿಮದ ವೋಜ್ ಬೆಟ್ಟಗಳು ಮಳೆಯನ್ನು ತಡೆಯುವುದರಿಂದಲೇ ಇಲ್ಲಿ ದ್ರಾಕ್ಷಿ ಬದುಕಿದೆಯೆಂದು ಅವರು ಕೈ ತೋರಿಸಿದರು. ಕೋಲ್ಮಾರ್ ಫ್ರಾನ್ಸಿನಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಊರುಗಳಲ್ಲೊಂದು. ಆಗುಂಬೆಯಲ್ಲಿ ಸುರಿದುಬಿಟ್ಟ ಮೋಡ ಚಳ್ಳಕೆರೆಗೆ ಬರಿಗೈಯಲ್ಲಿ ಬರುವಂತೆಯೇ ಇದೂ ಎಂದು ಅಪ್ಪನಿಗೆ ಕೂಡಲೇ ಅರ್ಥವಾಯಿತು.

ಆಮೇಲೆ ಮಾತು ಅವರ ಮನೆತನದತ್ತ ಹೊರಳಿತು. ಆಲ್ಸಾಸ್ 1871ರಲ್ಲಿ ಜರ್ಮನಿಗೆ, ಮೊದಲ ಮಹಾಯುದ್ಧದ ಕೊನೆಗೆ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಯ ಕೈಗೆ, ಯುದ್ಧ ಮುಗಿಯುವಾಗ ಮರಳಿ ಫ್ರಾನ್ಸಿಗೆ ಸೇರಿದ ನಾಡು. ಅವರ ತಂದೆ ನಾಜಿ ಸೇನೆಗೆ ಬಲವಂತದಿಂದ ಸೇರಿಸಲ್ಪಟ್ಟವರು. 1942ರಿಂದ ಆಲ್ಸಾಸ್ ಮತ್ತು ಪಕ್ಕದ ಮೋಸೆಲ್ ಸೀಮೆಯ ಸುಮಾರು 1,30,000 ಗಂಡಸರನ್ನು ಹಾಗೆ ಎಳೆದೊಯ್ದಿದ್ದರು, ಮತ್ತು ಬಹಳಷ್ಟು ಜನ ಮರಳಿ ಬರಲಿಲ್ಲ. ತಂದೆ ಯುದ್ಧದ ವಿಷಯ ಮಾತಾಡುತ್ತಿರಲಿಲ್ಲ, ತೋಟದ ವಿಷಯ ಮಾತ್ರ ಮಾತಾಡುತ್ತಿದ್ದರು ಎಂದು ಅವರು ಹೇಳಿದರು. ಅಲ್ಲಿಂದ ಕಾಣುತ್ತಿದ್ದ ಹುನಾವೀರ್‌ನ ಕೋಟೆಗೋಡೆಯ ಚರ್ಚಿನಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಸರದಿಯಂತೆ ಪ್ರಾರ್ಥನೆ ನಡೆಸುವರೆಂದೂ ತಿಳಿಸಿದರು. ಸಂಸ್ಕೃತಿ ನೋಡಬೇಕೆಂದು ನೀವು ಬರೆದಿದ್ದೀರಲ್ಲ, ಅದು ಸಿಗುವುದು ಹೀಗೆ ನಿಂತು ಮಾತಾಡಿದಾಗ. ಒಂದು ಲೋಟ ರೀಸ್ಲಿಂಗ್ ವೈನ್ ಕುಡಿದವರಿಗಿಂತ ನನ್ನ ಅಪ್ಪನಿಗೆ ಆ ನಾಡು ಹೆಚ್ಚು ತಿಳಿಯಿತೆಂದು ನಾನು ದೃಢವಾಗಿ ನಂಬುತ್ತೇನೆ.

ಊಟದ ವಿಚಾರಕ್ಕೆ ಬರುತ್ತೇನೆ. ಆ ದಿನ ರಿಬೋವಿಲೇಯಲ್ಲಿ ಹನ್ನೆರಡೂಕಾಲಿಗೇ ಕುಳಿತೆವು. ‘ವಿನ್‌ಸ್ಟುಬ್’ ಎಂಬ ಸಾಂಪ್ರದಾಯಿಕ ಊಟದ ಮನೆಗಳ ಹೆಸರಾಂತ ಅಡುಗೆಗಳು ಮಾಂಸದವೇ: ಶೂಕ್ರೂತ್‌ನಲ್ಲಿ ಹುಳಿ ಎಲೆಕೋಸಿನ ಮೇಲೆ ಹಂದಿಯ ಸಾಸೇಜುಗಳು, ಬೆಕ್‌ಓಫ್‌ನಲ್ಲಿ ಮೂರು ಬಗೆಯ ಮಾಂಸ. ಆದರೆ ತಾರ್ತ್ ಫ್ಲಾಂಬೆಯನ್ನು ‘ಲಾರ್ದೋ’ ಎಂಬ ಹಂದಿಮಾಂಸದ ಚೂರುಗಳಿಲ್ಲದೆ ಮಾಡಿಕೊಡಿ ಎಂದರೆ ಸಂತೋಷದಿಂದ ಮಾಡಿಕೊಡುತ್ತಾರೆ. ಮೊಟ್ಟೆಯಿಲ್ಲದ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಕೆನೆ ಮತ್ತು ಬಿಳಿ ಗಿಣ್ಣು (ಚೀಸ್) ಹಚ್ಚಿ, ಈರುಳ್ಳಿ ಹರಡಿ, ಉರಿಯುವ ಸೌದೆ ಒಲೆಯಲ್ಲಿ ಕೆಲವೇ ನಿಮಿಷ ಬೇಯಿಸಿ, ಅಂಚು ಕಪ್ಪಾಗಿರುವಾಗಲೇ ಮರದ ಹಲಗೆಯ ಮೇಲೆ ತಂದಿಡುತ್ತಾರೆ. ಚೌಕಗಳಾಗಿ ಕತ್ತರಿಸಿ, ಸುರುಳಿ ಸುತ್ತಿ ಕೈಯಿಂದಲೇ ತಿನ್ನಬೇಕು. ಫೋರ್ಕು ಚಾಕು ಬೇಕಿಲ್ಲವೆಂದು ತಿಳಿದಾಗ ಅಮ್ಮನ ಮುಖ ಅರಳಿತು. ಬೆಳ್ಳುಳ್ಳಿ, ಹಸಿರು ಸೊಪ್ಪು ಬೆರೆಸಿದ ಬಿಬಲಸ್‌ಕೇಸ್ ಎಂಬ ಗಟ್ಟಿ ಮೊಸರಿನಂಥ ಗಿಣ್ಣನ್ನು ಹುರಿದ ಆಲೂಗಡ್ಡೆಯ ಜೊತೆ ಕೊಡುತ್ತಾರೆ, ಆದರೆ ಆಲೂಗಡ್ಡೆಯನ್ನು ಯಾವುದರಲ್ಲಿ ಹುರಿದಿದ್ದಾರೆಂದು ಕೇಳಿಕೊಳ್ಳಿ. ಕೂಗೆಲ್‌ಹೋಫ್ ಕೇಕಿನಲ್ಲಿ ಮೊಟ್ಟೆಯಿದೆ, ಶ್ಪೆಟ್ಸ್‌ಲೆ ಎಂಬ ಹಿಟ್ಟಿನ ನೂಡಲ್ಸಿನಲ್ಲಿಯೂ ಇದೆ. ಮುನ್‌ಸ್ಟರ್‌ನಂಥ ಸಾಂಪ್ರದಾಯಿಕ ಗಿಣ್ಣುಗಳಿಗೆ ಸಾಮಾನ್ಯವಾಗಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುವುದರಿಂದ, ಆ ವಿಷಯದಲ್ಲಿ ಕಟ್ಟುನಿಟ್ಟಾಗಿರುವವರು ಮೊದಲೇ ತಿಳಿದಿರಬೇಕು. ಫ್ರಾನ್ಸಿನಲ್ಲಿ ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು ತರುವವರೂ ಇದ್ದಾರೆ. ಮಾಂಸ, ಮೀನು, ಮೊಟ್ಟೆ ಮೂರನ್ನೂ ಹೆಸರಿಸಿ ಒಂದು ಚೀಟಿಯಲ್ಲಿ ಫ್ರೆಂಚಿನಲ್ಲಿ ಬರೆದಿಟ್ಟುಕೊಳ್ಳಿ.

ಹಾಗಾಗಿ ನಿಮ್ಮ ಯೋಜನೆಯನ್ನು ನಾನು ಹೀಗೆ ಬದಲಿಸುತ್ತೇನೆ. ಒಂದು ದಿನವೆಂಬುದನ್ನು ಬಿಟ್ಟು ಕೋಲ್ಮಾರ್‌ನಲ್ಲಿ ಎರಡು ರಾತ್ರಿ ಇರಿ. ಸ್ಟ್ರಾಸ್‌ಬರ್ಗ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಬುಧವಾರದಿಂದ ಶನಿವಾರದ ಒಳಗಿನ ದಿನಗಳನ್ನು ಆರಿಸಿ, ಭಾನುವಾರ ಹಳ್ಳಿಗಳಿಗೆ ಬಸ್ಸು ತೀರ ಕಡಿಮೆ. ಒಂದು ದಿನ ಸಂಗ್ರಹಾಲಯಕ್ಕೂ ಕೋಲ್ಮಾರ್‌ನ ಬೀದಿಗಳಿಗೂ, ಒಂದು ದಿನ ಮೇಲೆ ಹೇಳಿದ ನಡಿಗೆಗೂ ಇರಲಿ. ಸೆಪ್ಟೆಂಬರಿನ ಕೊಯ್ಲಿನ ಕಾಲದಲ್ಲಿ ತೋಟದ ಕೆಲವು ಹಾದಿಗಳನ್ನು ಮುಚ್ಚುವುದುಂಟು, ಜೂನ್‌ನಲ್ಲಿ ಆ ತೊಂದರೆಯಿಲ್ಲ. ಬದಲಿಗೆ ಸ್ವಿಟ್ಜರ್ಲೆಂಡಿಗೆ ಹೋಗಲೇ ಎಂದು ಕೇಳಿದ್ದೀರಿ; ಹಿಮ ನೋಡುವ ಆಸೆ ಅವರಿಗಿದ್ದರೆ ಹೋಗಿ, ಇಲ್ಲದಿದ್ದರೆ ಬೇಡ.

ಮರಳುವ ದಾರಿಯಲ್ಲಿ ಸಮಯವಿದ್ದರೆ ಸ್ಟ್ರಾಸ್‌ಬರ್ಗ್‌ನ ಸರ್ಕಾರಿ ಆಸ್ಪತ್ರೆಯ ಕೆಳಗೆ 1395ರಿಂದ ಇರುವ ವೈನ್ ನೆಲಮಾಳಿಗೆಗೆ ಇಳಿಯಿರಿ. 1472ರ ಬಿಳಿ ವೈನ್ ಅಲ್ಲಿನ ಒಂದು ಪೀಪಾಯಿಯಲ್ಲಿ ಇನ್ನೂ ಇದೆ. ಅದನ್ನು ಕೊನೆಯ ಬಾರಿ ಬಗ್ಗಿಸಿದ್ದು 1944ರಲ್ಲಿ, ಊರನ್ನು ನಾಜಿಗಳಿಂದ ಬಿಡಿಸಿದ ಜನರಲ್ ಲಕ್ಲೇರ್ ಅವರಿಗೆ. ಆಸ್ಪತ್ರೆಗೂ ದ್ರಾಕ್ಷಿ ತೋಟಕ್ಕೂ ಇದ್ದ ಹಳೆಯ ಸಂಬಂಧ ಅಲ್ಲಿ ಕಣ್ಣಿಗೇ ಕಾಣುತ್ತದೆ. ಆ ದಿನದ ಊಟಕ್ಕೂ ಮೇಜನ್ನು ಹಿಂದಿನ ದಿನವೇ ಕಾಯ್ದಿರಿಸಿ, ಮತ್ತು ನಿಮ್ಮ ತಂದೆತಾಯಿಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದರೆ ಚೀಲದಲ್ಲಿ ಬಾಳೆಹಣ್ಣೂ ಗ್ಲೂಕೋಸೂ ಇರಲಿ.