ಗಜಕೇಸರಿ ಇದ್ದರೂ ಕೆಲಸ ಯಾಕಿಲ್ಲ?

ಪ್ರಶ್ನೆ: ಮಗ ಹುಟ್ಟಿದ್ದು 1997ರ ಗಣೇಶನ ಹಬ್ಬದ ಹೊತ್ತಿಗೆ, ನಡುರಾತ್ರಿ ದಾಟಿದ ಮೇಲೆ. ಮಿಥುನ ಲಗ್ನ (ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿ), ಸ್ವಾತಿ ನಕ್ಷತ್ರ. ಆ್ಯಪ್‌ನಲ್ಲಿ ಗಜಕೇಸರಿ, ಬುಧಾದಿತ್ಯ, ನೀಚಭಂಗ ರಾಜಯೋಗ ಎಲ್ಲಾ ತೋರಿಸುತ್ತದೆ. ಬಿ.ಇ. ಆಗಿದೆ, ಆದರೆ ಒಂದು ಕಡೆ ಕೆಲಸದಲ್ಲಿ ನಿಲ್ಲುತ್ತಿಲ್ಲ. ‘ಯೋಗ ಮಲಗಿದೆ, ಎಬ್ಬಿಸಬೇಕು’ ಅಂತ ಒಬ್ಬರು ಹೋಮಕ್ಕೆ 35 ಸಾವಿರ ಕೇಳುತ್ತಿದ್ದಾರೆ. ಜೊತೆಗೆ ಪುಷ್ಯರಾಗದ ಉಂಗುರ. ಮಾಡಿಸೋಣವೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಆ 35 ಸಾವಿರ ಬ್ಯಾಂಕಿನಲ್ಲೇ ಇರಲಿ, ತಾಯಿ.

ಗಜಕೇಸರಿ ಅಂದ ಕೂಡಲೇ ಮನೆಮಂದಿಯೆಲ್ಲ ಉಬ್ಬಿಹೋಗುತ್ತಾರೆ. ಚಂದ್ರ ಇರುವ ರಾಶಿಯಿಂದ ಎಣಿಸಿ 1, 4, 7, 10ನೇ ರಾಶಿಯಲ್ಲಿ ಗುರು ಇದ್ದರೆ ಆಯಿತು, ಅದೇ ಗಜಕೇಸರಿ. ಗುರು ಒಂದು ರಾಶಿಯಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಇರುತ್ತಾನೆ. ಚಂದ್ರ ರಾಶಿಗೆ ಎರಡೂಕಾಲು ದಿನದಂತೆ 27 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ. ನೀವೇ ಲೆಕ್ಕ ಹಾಕಿ, ನಾಲ್ಕು ರಾಶಿ ಸೇರಿ ಪ್ರತಿ ಸುತ್ತಿನಲ್ಲೂ 9 ದಿನ ಗಜಕೇಸರಿ. ಆ ದಿನಗಳಲ್ಲಿ ಚಿಗಟೇರಿ ಆಸ್ಪತ್ರೆಯಲ್ಲಿ ಹುಟ್ಟಿದ ಅಷ್ಟೂ ಕೂಸುಗಳಿಗೆ ಈ ಯೋಗ ಇದೆ. ಅಂದರೆ ಊರಲ್ಲಿ ಮೂವರಿಗೊಬ್ಬರಂತೆ. ಮಂಡಿಪೇಟೆಯ ಸಾಹುಕಾರರಿಗೂ ಇರಬಹುದು, ಅವರ ಅಂಗಡಿಯಲ್ಲಿ ಮೂಟೆ ಹೊರುವವರಿಗೂ ಇರಬಹುದು. ಆ್ಯಪ್ ಇದನ್ನು ಹೇಳುತ್ತದೆಯೇ?

ಯೋಗದ ಹೆಸರು ಬಿಡಿ, ಅದನ್ನು ಕೊಡುವ ಗ್ರಹ ನೋಡಿ. ನಿಮ್ಮ ಮಗನ ಗುರು ಮಕರದಲ್ಲಿ ನೀಚ, ಅಂದರೆ ಬಲಗುಂದಿದವನು, ಅದೂ ಲಗ್ನದಿಂದ ಎಂಟರಲ್ಲಿ, ಕಷ್ಟದ ಮನೆಯಲ್ಲಿ. ಮಕರದ ಒಡೆಯ ಶನಿ ಹತ್ತರಲ್ಲಿ ಇರುವುದರಿಂದ ನೀಚಭಂಗ, ಅಂದರೆ ಆ ನೀಚತನ ಕಳೆಯುತ್ತದೆ ಅನ್ನೋದು ನಿಜ. ಗುರು ಶನಿಯ ಮನೆಯಲ್ಲಿ, ಶನಿ ಗುರುವಿನ ಮೀನದಲ್ಲಿ, ಹಾಗಾಗಿ ಪರಿವರ್ತನೆಯೂ ಹೌದು. ಆದರೆ ಎಂಟರ ಅಧಿಪತಿ ಸೇರಿಕೊಂಡ ಪರಿವರ್ತನೆಗೆ ಶಾಸ್ತ್ರದಲ್ಲಿ ದೈನ್ಯ ಯೋಗ, ಅಂದರೆ ದೀನಸ್ಥಿತಿಯ ಯೋಗ ಅಂತ ಹೆಸರು. ಆ್ಯಪ್ ಆ ಸಾಲನ್ನು ಸುಮ್ನೆ ನುಂಗಿದೆ. ಇನ್ನೊಂದು ಮಾತು. ಗುರು-ಶನಿಯರ ಈ ಅದಲುಬದಲು 1997ರ ಇಡೀ ವರ್ಷ ಇತ್ತು. ಆ ವರ್ಷ ಹುಟ್ಟಿ ನಿಮ್ಮ ಮಗನ ಜೊತೆ ಓದಿದವರಲ್ಲಿ ಎಷ್ಟು ಜನ ರಾಜರಾಗಿದ್ದಾರೆ, ವಿಚಾರಿಸಿ ನೋಡಿ.

ಬುಧಾದಿತ್ಯವಂತೂ ಕೇಳಲೇ ಬೇಡಿ. ಬುಧ ಸೂರ್ಯನನ್ನು ಬಿಟ್ಟು 28 ಡಿಗ್ರಿ ದಾಟಿ ಹೋಗುವುದೇ ಇಲ್ಲ. ಇಬ್ಬರೂ ಒಂದೇ ರಾಶಿಯಲ್ಲಿ ಸಿಕ್ಕರೆ ಅದೇ ಬುಧಾದಿತ್ಯ, ಹಾಗೆ ಸಿಗುವುದು ತೀರಾ ಸಾಮಾನ್ಯ. ನಿಮ್ಮ ಮಗನಿಗೆ ಬುಧ ಲಗ್ನಾಧಿಪತಿ, ಅವನೇ ಇಲ್ಲಿ ಸೂರ್ಯನಿಗೆ ತೀರಾ ಹತ್ತಿರವಾಗಿ ಅಸ್ತನಾಗಿದ್ದಾನೆ.

ಈಗ ದಶೆ, ಅಂದರೆ ಬದುಕಿನ ಇಷ್ಟಿಷ್ಟು ವರ್ಷ ಒಂದೊಂದು ಗ್ರಹದ ಪಾಲಿಗೆ ಬರುವ ಲೆಕ್ಕ. ಇದನ್ನು ಯಾರೂ ಕೇಳಲ್ಲ, ಕೇಳಬೇಕಾದ್ದು ಇದನ್ನೇ. ಸ್ವಾತಿಯವರಿಗೆ ಮೊದಲು ರಾಹು, ಆಮೇಲೆ 16 ವರ್ಷ ಗುರು. ನಿಮ್ಮ ಮಗನಿಗೆ 22ರ ಹೊತ್ತಿಗೇ ಗುರು ದಶೆ ಮುಗಿದಿದೆ. ಬಿ.ಇ. ಪಾಸಾಗಿದ್ದೇ ಅದರ ಫಲ ಅಂದುಕೊಳ್ಳಿ. ಮುಗಿದುಹೋದ ದಶೆಯ ಯೋಗವನ್ನು ಹೋಮ ಮಾಡಿ ಎಬ್ಬಿಸಿ ಅಂತ ಯಾವ ಶಾಸ್ತ್ರದಲ್ಲಿದೆ? ಆ ಮಹಾನುಭಾವರನ್ನೇ ಕೇಳಿ. ಈಗ ನಡೆಯುತ್ತಿರುವುದು 19 ವರ್ಷದ ಶನಿ ದಶೆ. ಹತ್ತನೆಯದು ಕೆಲಸದ ಮನೆ, ಅಲ್ಲಿರುವ ಶನಿ ಕೆಲಸ ಕೊಡುತ್ತಾನೆ, ಸಂಬಳ ಮಾತ್ರ ನಿಧಾನಕ್ಕೆ ಏರುತ್ತದೆ. ಪದೇ ಪದೇ ಕಂಪನಿ ಬದಲಿಸುವವರಿಗೆ ಅವನು ಒಲಿಯಲ್ಲ. ಸಿಕ್ಕ ಕಡೆ ಎರಡು ಮೂರು ವರ್ಷ ಗಟ್ಟಿಯಾಗಿ ನಿಲ್ಲಲಿ.

ಪುಷ್ಯರಾಗ ಗುರುವಿನ ಹರಳು, ಅದು ಬೇಡವೇ ಬೇಡ. ಎಂಟರಲ್ಲಿ ಕೂತ ಗುರುವಿಗೆ ಬಲ ತುಂಬಿ ಏನು ಸಾಧಿಸುತ್ತೀರಿ? ನಾನಂತೂ ಯಾರಿಗೂ ಹರಳು ಬರೆದುಕೊಡುವುದಿಲ್ಲ. ಗುರುವಾರ ದೇವಸ್ಥಾನಕ್ಕೆ ಹೋಗಿ ಬರಲಿ, ಅದಕ್ಕೆ ದುಡ್ಡು ಬೇಕಿಲ್ಲ.

ಪ್ರಶ್ನೆ: ಕಾಲಸರ್ಪ ದೋಷ (ಎಲ್ಲಾ ಗ್ರಹ ರಾಹು-ಕೇತುಗಳ ನಡುವೆ ಸಿಕ್ಕಿರುವುದು) ಇದ್ದರೆ ರಾಜಯೋಗ ಫಲ ಕೊಡಲ್ಲವಂತೆ, ಹೌದೇ? (ಹರಿಹರ)

ಉತ್ತರ: ಜ್ಯೋತಿಷದ ಹಳೆಯ ಗ್ರಂಥವಾದ ವರಾಹಮಿಹಿರನ ಬೃಹಜ್ಜಾತಕದಲ್ಲಿ ಆ ಹೆಸರೇ ಇಲ್ಲ. ಹೆದರಿಸಿದವರ ಹತ್ತಿರ ಮತ್ತೆ ಹೋಗಬೇಡಿ.

ಪ್ರಶ್ನೆ: ಸೊಸೆಗೆ ಸಿಸೇರಿಯನ್ ಆಗಬೇಕಂತೆ. ಮಗುವಿಗೆ ಹಂಸಯೋಗ (ಗುರುವಿನಿಂದ ಬರುವ ಶುಭಯೋಗ) ಬರುವ ಹೊತ್ತು ಬರೆದುಕೊಡಿ. (ಚನ್ನಗಿರಿ)

ಉತ್ತರ: ಬರೆಯಲ್ಲ. ಹೊತ್ತು ಹೇಳಬೇಕಾದವರು ಡಾಕ್ಟರು.

ಪ್ರಶ್ನೆ: ಹುಟ್ಟಿದ್ದು ದಾವಣಗೆರೆ, ಆ್ಯಪ್‌ನಲ್ಲಿ ಬೆಂಗಳೂರು ಅಂತ ಹಾಕಿದ್ದೇನೆ. ಫರಕು ಬೀಳುತ್ತದೆಯೇ? (ಪಿ.ಜೆ. ಬಡಾವಣೆ)

ಉತ್ತರ: ಎರಡೂ ಊರಿನ ಸ್ಥಳೀಯ ಸಮಯಕ್ಕೆ ಸುಮಾರು 7 ನಿಮಿಷದ ವ್ಯತ್ಯಾಸ ಇದೆ. ಲಗ್ನ ಸಂಧಿಯಲ್ಲಿ, ಅಂದರೆ ಎರಡು ರಾಶಿಗಳ ಗಡಿಯಲ್ಲಿ ಇಲ್ಲದಿದ್ದರೆ ರಾಶಿ ಕುಂಡಲಿ ಹಾಗೇ ಇರುತ್ತದೆ. ರಾಶಿಯನ್ನು ಒಂಬತ್ತು ಭಾಗ ಮಾಡಿ ನೋಡುವ ನವಾಂಶದ ಲಗ್ನ ಸರಾಸರಿ 13 ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಅದು ತಪ್ಪಿರಬಹುದು. ದಾವಣಗೆರೆ ಅಂತಲೇ ಹಾಕಿ ಇನ್ನೊಮ್ಮೆ ತೆಗೆಯಿರಿ.