ಲುಮೆನ್ ಆಮೇಲೆ, ಮೊದಲು ಒಳಗಿನ ಸೆಲ್ ನೋಡಿ

ಟಾರ್ಚ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. 'ಡಬ್ಬಿ ಮೇಲೆ ಇಷ್ಟು ಸಾವಿರ ಲುಮೆನ್ ಅಂತಿದೆ, ತಗೊಳ್ಳಬಹುದಾ?' ಲುಮೆನ್ ಅಂದರೆ ಬೆಳಕಿನ ಒಟ್ಟು ಪ್ರಮಾಣದ ಅಳತೆ. ಮೂರು ಸಲ ಉತ್ತರ ಬರೆದಿದ್ದೇನೆ. ಮತ್ತೆ ಅದೇ ಬರುತ್ತಿದೆ. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಮನೆ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ಎಲ್ಲ ಕಡೆ ಹೋಗುತ್ತೇನೆ. ಜೇಬಿನಲ್ಲಿ ಹಿಡಿಸುವ ಚಾರ್ಜಿಂಗ್ ಟಾರ್ಚ್ ಬೇಕು. ಆನ್‌ಲೈನ್‌ನಲ್ಲಿ 50,000 ಲುಮೆನ್, 9900 ಎಂಎಎಚ್ ಅಂತ ಒಂದು ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಲಾ?

ಬೇಡ. ನೀವು ಕರೆಂಟಿನ ಕೆಲಸದವರು, ಲೆಕ್ಕ ನಿಮಗೆ ಬೇಗ ಹತ್ತುತ್ತದೆ. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬ್ ಸುಮಾರು 900 ಲುಮೆನ್ ಬೆಳಕು ಕೊಡುತ್ತದೆ. ಅಂದರೆ 50,000 ಲುಮೆನ್‌ಗೆ ಅಂಥ ಐವತ್ತೈದು ಬಲ್ಬ್ ಬೇಕು. ಸುಮಾರು 500 ವ್ಯಾಟ್. ಹೆಬ್ಬೆರಳು ಗಾತ್ರದ ಒಂದು ಸೆಲ್ಲಿನಿಂದ 500 ವ್ಯಾಟ್ ಎಲ್ಲಿಂದ ಬರಬೇಕು ಹೇಳಿ?

ಇನ್ನು 9900 ಎಂಎಎಚ್, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಂಕಿ. ಇಂಥ ಟಾರ್ಚಿನಲ್ಲಿ ಸಾಮಾನ್ಯವಾಗಿ ಇರುವುದು 18650 ಅನ್ನುವ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರೇ ಅಳತೆ. ಹೆಸರುವಾಸಿ ಕಂಪನಿಗಳ ಒಳ್ಳೆಯ ಸೆಲ್‌ಗಳೇ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತವೆ. ಅದೇ ಗಾತ್ರದಲ್ಲಿ 9900 ಅಂತ ಬರೆದಿದ್ದರೆ ಅದು ಸುಳ್ಳು. ಮಾತು ಮುಗಿಯಿತು.

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಇಂಥದ್ದೇ ಟಾರ್ಚ್ ತಂದಿದ್ದ. 'ಸರ್, ಹತ್ತು ನಿಮಿಷಕ್ಕೆ ಮಂಕಾಗುತ್ತೆ' ಅಂದ. ಹಿಂದಿನ ಮುಚ್ಚಳ ತಿರುಗಿಸಿ ಸೆಲ್ ಅಂಗೈ ಮೇಲೆ ಹಾಕಿಕೊಂಡೆ. ಹಗುರ. ಪಕ್ಕದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 26 ಗ್ರಾಂ ತೋರಿಸಿತು. ಸರಿಯಾದ 18650 ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಹೊರಗಿನ ಕೊಳವೆ ದೊಡ್ಡದು, ಒಳಗಿನ ಸರಕು ಚಿಕ್ಕದು. ಆ ಹುಡುಗ ದುಡಿದ ದುಡ್ಡು ಹೋಯಿತಲ್ಲ ಅಂತ ನನಗೆ ಹೊಟ್ಟೆ ಉರಿಯಿತು. ಅವತ್ತಿನಿಂದ ಯಾರು ಕೇಳಿದರೂ ಮೊದಲು ಸೆಲ್ ತೂಗಿಸಿ ಅನ್ನುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೇ 'ಬ್ಯಾಟ್ರಿ' ಅನ್ನುತ್ತಾರೆ. ಎರಡು ಸೆಲ್ಲಿನ ಬ್ಯಾಟ್ರಿ, ಮೂರು ಸೆಲ್ಲಿನ ಬ್ಯಾಟ್ರಿ. ಹಿರಿಯರು ಸೆಲ್ ಲೆಕ್ಕದಲ್ಲೇ ಕೊಳ್ಳುತ್ತಿದ್ದರು. ಅದೇ ಸರಿಯಾದ ದಾರಿ.

ಈಗ ನಿಮಗೆ ಏನು ಬೇಕು ಅಂತ ಹೇಳುತ್ತೇನೆ. ಒಂದು 18650 ಸೆಲ್ ಇರುವ, ಸೆಲ್ ಬಿಚ್ಚಿ ಬದಲಾಯಿಸಲು ಬರುವ ಟಾರ್ಚ್. ಸೆಲ್ ಒಳಗೇ ಅಂಟಿಸಿಬಿಟ್ಟಿದ್ದರೆ ಎರಡು ಮೂರು ವರ್ಷಕ್ಕೆ ಸೆಲ್ ಸೋತಾಗ ಇಡೀ ಟಾರ್ಚ್ ಎಸೆಯಬೇಕಾಗುತ್ತದೆ. ಒಳ್ಳೆಯ ಸೆಲ್ಲಿನಲ್ಲಿ ಹನ್ನೆರಡು ವ್ಯಾಟ್-ಅವರ್ ಆಸುಪಾಸು ಶಕ್ತಿ ಇರುತ್ತದೆ, ಅಂದರೆ 12 ವ್ಯಾಟ್‌ನಂತೆ ಒಂದು ಗಂಟೆಗೆ ಆಗುವಷ್ಟು. 1000 ಲುಮೆನ್‌ನಲ್ಲಿ ಉರಿಸಿದರೆ ಸುಮಾರು ಒಂದು ಗಂಟೆಯಲ್ಲಿ ಖಾಲಿ. ಅದಕ್ಕೂ ಮೊದಲೇ ಟಾರ್ಚ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ, ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಅದು ಕೆಟ್ಟಿದ್ದಲ್ಲ, ಹಾಗೆ ತಗ್ಗಿಸದಿದ್ದರೇ ಅಪಾಯ. ಆದ್ದರಿಂದ 'ಗರಿಷ್ಠ' ಅಂಕಿಯನ್ನು ಬಿಡಿ. 300 ಲುಮೆನ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿ. ಎಫ್‌ಎಲ್1 ಅನ್ನುವ ಮಾನದಂಡದ ಗುರುತು ಇದ್ದರೆ ಆ ಅಂಕಿಗಳನ್ನು ಸ್ವಲ್ಪ ನಂಬಬಹುದು. ಅದರಲ್ಲೂ 'ದೂರ 200 ಮೀಟರ್' ಅಂದರೆ ಅಷ್ಟು ದೂರದಲ್ಲಿ ಬೆಳದಿಂಗಳಷ್ಟು ಬೆಳಕು ಬೀಳುತ್ತದೆ ಅಂತ ಮಾತ್ರ. ಅಲ್ಲಿರುವ ಮನುಷ್ಯನ ಮುಖ ಕಾಣುತ್ತದೆ ಅಂತಲ್ಲ.

ನಿಮ್ಮ ಕೆಲಸ ಒಂದು ಅಡಿ, ಎರಡು ಅಡಿ ಅಂತರದ್ದು. ಡಿಬಿ ಬಾಕ್ಸ್ (ಕರೆಂಟ್ ಹಂಚುವ ಪೆಟ್ಟಿಗೆ) ಒಳಗೆ 100ರಿಂದ 200 ಲುಮೆನ್ ಧಾರಾಳ ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಬಿಳಿ ಶೀಟ್ ಮೇಲೆ ಬಿದ್ದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಬೆಳಕಿನ ಪ್ರಮಾಣಕ್ಕಿಂತ ಬಣ್ಣ ಮುಖ್ಯ. ನೀಲಿ ಛಾಯೆಯ ಅಗ್ಗದ ಎಲ್‌ಇಡಿಯಲ್ಲಿ, ಭಟ್ಟಿಯ ಹೊಗೆ ಕುಡಿದ ಹಳೇ ವೈರ್ ಕೆಂಪೋ ಕಂದೋ, ಹಳದಿಯೋ ಬಿಳಿಯೋ ಗೊತ್ತಾಗುವುದಿಲ್ಲ. ಸಿಆರ್‌ಐ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕಿ) 90 ಅಥವಾ ಜಾಸ್ತಿ, ಬಣ್ಣ 4000ದಿಂದ 5000 ಕೆಲ್ವಿನ್ ಅಂತ ಇರುವುದನ್ನು ಹುಡುಕಿ. ಹಾಗಂತ ಬಣ್ಣ ನೋಡಿ ವೈರ್ ಮುಟ್ಟಬೇಡಿ. ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಟೆಸ್ಟರ್ ಹಚ್ಚಿ, ಆಮೇಲೆ ಕೈ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆಲಸ ಮಾಡಬೇಡಿ. ನಮ್ಮ ಹುಡುಗರು ಹತ್ತರಲ್ಲಿ ಒಂಬತ್ತು ಜನ ಹೀಗೇ ಮಾಡುತ್ತಾರೆ. ಅಲ್ಯೂಮಿನಿಯಂ ಮೈ, ಒದ್ದೆ ಬಾಯಿ, ಎದುರಿಗೆ ಕರೆಂಟ್ ಹರಿಯುವ ಬಸ್‌ಬಾರ್ ಪಟ್ಟಿ. ಮೇಲಾಗಿ ಮುಖದ ಹತ್ತಿರ ಲಿಥಿಯಂ ಸೆಲ್. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಎಲ್ ಆಕಾರದ, ಬುಡದಲ್ಲಿ ಮ್ಯಾಗ್ನೆಟ್ ಇರುವ ಟಾರ್ಚ್ ಸಿಗುತ್ತದೆ. ಬಾಕ್ಸಿನ ಕಬ್ಬಿಣದ ಬಾಗಿಲಿಗೆ ಅಂಟಿಸಿದರೆ ಎರಡೂ ಕೈ ಖಾಲಿ. ಪಟ್ಟಿಯಿಂದ ತಲೆಗೂ ಕಟ್ಟಿಕೊಳ್ಳಬಹುದಾದರೆ ಇನ್ನೂ ಒಳ್ಳೆಯದು, ಏಣಿ ಮೇಲೆ ಅದೇ ಬೇಕು.

ಸ್ವಿಚ್ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ. ಒಂದು ಸಲ ಒತ್ತಿದರೆ ಕಡಿಮೆ ಬೆಳಕು ಬರಬೇಕು. ಬೆಳಕು ಬದಲಾಯಿಸಲು ಒತ್ತುತ್ತಾ ಹೋದಾಗ ಮಿಣಮಿಣ ಮಿಂಚುವುದು ನಡುವೆ ಅಡ್ಡ ಬರಬಾರದು. ಏಣಿ ಮೇಲೆ ನಿಂತಾಗ ಅದು ಕಣ್ಣಿಗೆ ಹೊಡೆದರೆ ಕಾಲು ತಪ್ಪುತ್ತದೆ. ಗಿರಣಿಯ ತೌಡಿನ ಧೂಳಿಗೆ, ಧೂಳು ಒಳಗೆ ಬಿಡದ ಐಪಿ67 ಗುರುತು ಇರುವುದನ್ನೇ ತಗೊಳ್ಳಿ. ಐಪಿಎಕ್ಸ್4 ಅಂದರೆ ಎರಚಿದ ನೀರು ತಡೆಯುತ್ತದೆ ಅಂತ ಮಾತ್ರ, ಧೂಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಪ್ರಶ್ನೆ: ಟೈಪ್-ಸಿ ಟಾರ್ಚ್ ತಗೊಂಡೆ. ಮೊಬೈಲ್ ಚಾರ್ಜರ್‌ಗೆ ಹಾಕಿದರೆ ಚಾರ್ಜೇ ಆಗುತ್ತಿಲ್ಲ. ಕೆಟ್ಟಿದೆಯಾ? – ಹಿರಿಯೂರು

ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದ್ದೀರಿ ಅನ್ನಿಸುತ್ತದೆ. ಅಂಥ ಚಾರ್ಜರ್ ಕರೆಂಟ್ ಬಿಡಬೇಕಾದರೆ ಟಾರ್ಚಿನೊಳಗೆ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಕೆಲವು ಕಂಪನಿ ಆ ನಾಲ್ಕಾಣೆ ಉಳಿಸುತ್ತವೆ. ಹಳೇ ಚೌಕ ಬಾಯಿಯ (ಯುಎಸ್‌ಬಿ-ಎ) ಚಾರ್ಜರ್, ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಟೈಪ್-ಸಿಗೆ ಹೊಂದುವ ಕೇಬಲ್ ಹಾಕಿ ನೋಡಿ.

ಪ್ರಶ್ನೆ: ಮೊದಲ ಸಲ ಹನ್ನೆರಡು ಗಂಟೆ ಚಾರ್ಜ್ ಮಾಡಬೇಕಂತೆ, ಪೂರ್ತಿ ಖಾಲಿ ಆಗದೆ ಚಾರ್ಜ್ ಮಾಡಬಾರದಂತೆ, ಹೌದಾ? – ಹರಿಹರ

ಎರಡೂ ಅಲ್ಲ. ಅವು ನಿಕಲ್-ಕ್ಯಾಡ್ಮಿಯಂ ಕಾಲದ ಮಾತು.

ಪ್ರಶ್ನೆ: ಜಾತ್ರೆಯಲ್ಲಿ ಒಬ್ಬರು ಲ್ಯಾಪ್‌ಟಾಪ್ ಬ್ಯಾಟರಿಯ ಸೆಲ್ ಹಾಕಿ ಟಾರ್ಚ್ ರಿಪೇರಿ ಮಾಡಿಕೊಡುತ್ತಾರೆ. ಮಾಡಿಸಬಹುದಾ? – ಚಳ್ಳಕೆರೆ ತಾಲ್ಲೂಕು

ಮಾಡಿಸಬೇಡಿ. ಎಸೆದ ಬ್ಯಾಟರಿ ಬಿಚ್ಚಿದ ಸೆಲ್‌ಗೆ ರಕ್ಷಣೆಯ ಸರ್ಕ್ಯೂಟ್ ಇರುವುದಿಲ್ಲ. ಅದರ ಮೇಲೆ ನೇರ ಸೋಲ್ಡರ್ ಕಾವು ಇಡುತ್ತಾರೆ, ಒಳಗಿನ ತೆಳು ಪದರ ಹಾಳಾಗುತ್ತದೆ. ಇವತ್ತು ಬೆಳಗುತ್ತದೆ, ಮುಂದೊಂದು ದಿನ ವಿಪರೀತ ಬಿಸಿಯಾಗಿ ಹೊಗೆ ಉಗುಳಬಹುದು. ಅಂಥ ಸೆಲ್ ಹತ್ತಿ ಉರಿದರೆ ಒಂದು ಚೊಂಬು ನೀರಿಗೆ ಆರುವುದಿಲ್ಲ. ಇಂಥವರನ್ನು ಮೆಕ್ಯಾನಿಕ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಎರಡು ಪಿನ್ ಹೊರಗೆ ಎಳೆದು ಗೋಡೆಯ ಪ್ಲಗ್ಗಿಗೇ ಚುಚ್ಚುವ ಟಾರ್ಚ್ ಅಗ್ಗಕ್ಕೆ ಸಿಗುತ್ತದೆ. ಹೇಗೆ? – ಹೊಳಲ್ಕೆರೆ

ನಮ್ಮ ಮನೆಯೊಳಗೆ ನಾನು ಅದನ್ನು ಬಿಡುವುದಿಲ್ಲ. ಅಗ್ಗದವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮೂಲಕ 230 ವೋಲ್ಟ್ ನೇರ ಒಳಗೆ ಬರುತ್ತದೆ. ಟಾರ್ಚಿನ ಮೈ ಸೀಳಿದ್ದರೆ, ಚಾರ್ಜ್ ಆಗುವಾಗ ಮುಟ್ಟಿದವರಿಗೆ ಶಾಕ್. ನನ್ನ ತಂಗಿಯ ಮಗನಿಗೆ ಹೀಗೇ ಹೊಡೆದಿತ್ತು, ಅಂಗೈ ಸುಟ್ಟಿತ್ತು, ಪುಣ್ಯಕ್ಕೆ ಉಳಿದ. ಇವುಗಳಲ್ಲಿ ಹೆಚ್ಚಾಗಿ ಇರುವುದು 4 ವೋಲ್ಟಿನ ಪುಟ್ಟ ಲೆಡ್-ಆಸಿಡ್ ಬ್ಯಾಟರಿ. ಖಾಲಿ ಮಾಡಿ ಎರಡು ತಿಂಗಳು ಮೂಲೆಗೆ ಇಟ್ಟರೆ ಸಾಯುತ್ತದೆ.

ಪ್ರಶ್ನೆ: ರಾತ್ರಿ ತ್ರೀ-ಫೇಸ್ ಬಂದಾಗ ಅಡಿಕೆ ತೋಟಕ್ಕೆ ಮೋಟಾರ್ ಹಾಕಲು ಹೋಗಬೇಕು. ದೂರ ಹೊಡೆಯುವ ಟಾರ್ಚ್ ಬೇಕಲ್ವಾ? – ಚನ್ನಗಿರಿ ತಾಲ್ಲೂಕು

ದೂರಕ್ಕಿಂತ ಅಗಲ ಬೇಕು. ಉದಿ (ಬದು) ಮೇಲೆ ಒಣಗರಿ ಬಿದ್ದಿರುತ್ತದೆ, ಕೊಳಕುಮಂಡಲ ಅದರಲ್ಲಿ ಬಣ್ಣ ಕಲೆಸಿಕೊಂಡು ಮಲಗಿರುತ್ತದೆ. ಕಾಲಿನ ಮುಂದೆ ಐದಾರು ಅಡಿ ಚೆನ್ನಾಗಿ ಹರಡಿದ ಬೆಳಕು ಬೇಕು. ಮೊಣಕಾಲವರೆಗೆ ಗಂಬೂಟು ಹಾಕಿಕೊಳ್ಳಿ. ಟಾರ್ಚನ್ನು ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ, ಸೆಲ್ ಬೇಗ ಸೋಲುತ್ತದೆ.

ಪ್ರಶ್ನೆ: ಮೊಬೈಲ್ ಟಾರ್ಚ್ ಸಾಕಲ್ವಾ? – ದಾವಣಗೆರೆ

ಬೀಗದ ಕೈ ಹುಡುಕಲು ಸಾಕು.

ಪ್ರಶ್ನೆ: ಅಡುಗೆ ಗ್ಯಾಸ್ ವಾಸನೆ ಬಂದಾಗ ಲೈಟ್ ಸ್ವಿಚ್ ಹಾಕಬಾರದು, ಟಾರ್ಚ್ ಹಾಕಬಹುದು ಅನ್ನುತ್ತಾರೆ. ಸರಿಯಾ? – ಚಿತ್ರದುರ್ಗ

ಸರಿಯಲ್ಲ. ಟಾರ್ಚಿನಲ್ಲೂ ಸ್ವಿಚ್ ಇದೆ, ಅದರಲ್ಲೂ ಕಿಡಿ ಹಾರಬಹುದು. ಕತ್ತಲಲ್ಲೇ ತಡವಿ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಬೀದಿಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಫೋನನ್ನೂ ಒಳಗೆ ಮುಟ್ಟಬೇಡಿ.