ಹಳೆ ಪದ್ಮಿನಿ ಎಂಜಿನ್ ಭಾಗಗಳಿಗೆ ಕಾರ್ಖಾನೆಯ ಫಿನಿಶ್ ಮತ್ತೆ ತರಬಹುದಾ?

ತಾತನ 1978ರ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಬಿಚ್ಚಿಸಿದ್ದೀರಿ. ಹೆಡ್ (ಎಂಜಿನ್‌ನ ಮೇಲ್ಭಾಗ) ಉಜ್ಜಿಸಿ ಹೊಳಪು ಬರಿಸಿ, ಬೋಲ್ಟುಗಳಿಗೆ ಕ್ರೋಮ್ ಹಾಕಿಸಿ, ಬ್ಲಾಕಿಗೆ (ಎಂಜಿನ್‌ನ ಮುಖ್ಯ ಒಡಲು) ಸಿಲ್ವರ್ ಪೇಂಟ್ ಹೊಡೆಸಿ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಮಾಡಲು ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ದಯವಿಟ್ಟು ಹಾಗೇ ಮಾಡಿ.

ಮೊದಲು ಒಂದು ಮಾತು. ಮುಂಬೈನ ಕುರ್ಲಾದಿಂದ ಹೊರಬಂದ ಆ 1089 ಸಿಸಿ ಎಂಜಿನ್ ಯಾವತ್ತೂ ಕನ್ನಡಿಯ ಹಾಗೆ ಹೊಳೆಯುತ್ತಿರಲಿಲ್ಲ. ಅದು ಮನೆಮಂದಿ ಓಡಾಡುವ ಕಾರು, ಟ್ಯಾಕ್ಸಿಯವರ ಕಾರು. ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ, ಕಾರ್ಬ್ಯುರೇಟರ್ ಸತುವಿನ ಮಿಶ್ರಲೋಹದ್ದು, ಬ್ರಾಕೆಟ್ ಮತ್ತು ಬೋಲ್ಟುಗಳು ಉಕ್ಕಿನವು. ಒಂದೊಂದಕ್ಕೂ ಅದರದೇ ಮಂದ ಬಣ್ಣ ಇರುತ್ತದೆ. ಬಾನೆಟ್ ಎತ್ತಿದಾಗ ಈ ವ್ಯತ್ಯಾಸಗಳು ಕಾಣಬೇಕು. ಎಲ್ಲದಕ್ಕೂ ಒಂದೇ ಹೊಳಪು ಕೊಟ್ಟರೆ ಎಂಜಿನ್‌ನ ಗುರುತೇ ಅಳಿಸಿಹೋಗುತ್ತದೆ.

ಹಾಗಾಗಿ ತೊಳೆಯುವ ಮೊದಲು ನೋಡಿ. ಇದೇ ಅತಿ ಮುಖ್ಯವಾದ ಕೆಲಸ, ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ವಾಶರ್ ಕೂತಿದ್ದ ಜಾಗ, ಡೈನಮೋ ಬ್ರಾಕೆಟ್ ಬ್ಲಾಕಿಗೆ ಅಂಟಿದ್ದ ಜಾಗ, ಗ್ಯಾಸ್ಕೆಟ್‌ನ ಅಂಚು, ಬೋಲ್ಟಿನ ತಲೆಯ ಕೆಳಭಾಗ: ಇಲ್ಲೆಲ್ಲ ಬಿಸಿಲು, ಗಾಳಿ ತಾಕಿರುವುದಿಲ್ಲ. ಹಳೆ ಪೇಂಟ್, ಹಳೆ ಪ್ಲೇಟಿಂಗ್ (ಉಕ್ಕಿನ ಮೇಲೆ ಕೊಟ್ಟ ಬೇರೆ ಲೋಹದ ತೆಳು ಲೇಪ) ಅಲ್ಲಿ ಉಳಿದಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆದುಕೊಳ್ಳಿ. ಬ್ಲಾಕಿನ ಬಣ್ಣವನ್ನು ಅಲ್ಲಿಂದಲೇ ಮ್ಯಾಚ್ ಮಾಡಿಸಿ, ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದ ಬಣ್ಣ ಬೇಡ. ಹಲವು ಕಾರ್ಖಾನೆಗಳಲ್ಲಿ ಎಂಜಿನ್ ಜೋಡಿಸಿದ ಮೇಲೆ ಪೇಂಟ್ ಹೊಡೆಯುತ್ತಿದ್ದರು. ಅದಕ್ಕೇ ಕೆಲವು ಬೋಲ್ಟುಗಳ ಮೇಲೂ ಆ ಪೇಂಟ್ ಇರುತ್ತದೆ. ಅದು ಕೊಳೆಯಲ್ಲ, ಸಾಕ್ಷಿ.

ಇನ್ನು ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ನೀರಿನಲ್ಲಿ ಹೆಡ್ ಮುಳುಗಿಸುವುದು ನಮ್ಮಲ್ಲಿ ಮಾಮೂಲಿ. ಅದನ್ನು ತಡೆಯಿರಿ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಗುಳ್ಳೆ ಏಳುವುದು ಕೊಳೆ ಬಿಡುತ್ತಿರುವುದಕ್ಕಲ್ಲ, ಲೋಹ ಕರಗಿ ಹೈಡ್ರೋಜನ್ ಬರುತ್ತಿರುವುದಕ್ಕೆ. ಕೊನೆಗೆ ಹೆಡ್ ಕಪ್ಪಾಗಿ ಹೊರಬರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಬೇಡ. ಒಣ ಮರಳನ್ನು ರಭಸವಾಗಿ ಹೊಡೆಯುವ ಬ್ಲಾಸ್ಟಿಂಗ್ ಅಂತೂ ಬೇಡವೇ ಬೇಡ. ಮೈ ಒರಟಾಗಿ ಎಣ್ಣೆ, ಧೂಳು ಬೇಗ ಹಿಡಿಯುತ್ತದೆ, ಆ ಧೂಳು ಮಾಡುವವರ ಶ್ವಾಸಕೋಶವನ್ನೂ ಹಾಳು ಮಾಡುತ್ತದೆ.

ಸರಿಯಾದ ದಾರಿ ವೇಪರ್ ಬ್ಲಾಸ್ಟಿಂಗ್. ಸಣ್ಣ ಗಾಜಿನ ಮಣಿಗಳನ್ನು ನೀರಿನಲ್ಲಿ ಕಲಸಿ ಗಾಳಿಯ ಒತ್ತಡದಲ್ಲಿ ಹೊಡೆಯುತ್ತಾರೆ. ನೀರಿನ ಪದರ ಇರುವುದರಿಂದ ಮಣಿ ಲೋಹವನ್ನು ಕೊರೆಯುವುದಿಲ್ಲ, ಮೇಲ್ಮೈಯನ್ನು ಸುಮ್ನೆ ಒತ್ತಿ ಮುಚ್ಚುತ್ತದೆ. ಎರಕದ ಹೆಡ್ ಮೊದಲ ದಿನ ಹೇಗಿತ್ತೋ ಅದಕ್ಕೆ ತೀರಾ ಹತ್ತಿರದ ಮಂದ ಬೆಳ್ಳಿ ಬಣ್ಣ ಬರುತ್ತದೆ. ಅದರ ಮೇಲೆ ಲ್ಯಾಕರ್ ಹೊಡೆಸಬೇಡಿ, ಬಿಸಿಗೆ ಹಳದಿಯಾಗುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ಅತಿ ಖುಷಿ ಕೊಡುವುದು ಇದೇ ಹಂತ.

ಕಾರ್ಬ್ಯುರೇಟರ್ ಇನ್ನೂ ನಾಜೂಕು. ಸತುವಿನ ಮಿಶ್ರಲೋಹಕ್ಕೆ ಆಸಿಡ್ಡೂ ಆಗುವುದಿಲ್ಲ, ಕಾಸ್ಟಿಕ್ಕೂ ಆಗುವುದಿಲ್ಲ. ಕಾರ್ಬ್ಯುರೇಟರ್ ಕ್ಲೀನರ್, ಮೆತ್ತಗಿನ ಬ್ರಷ್, ತಾಳ್ಮೆ ಇಷ್ಟೇ ಸಾಕು. ಆ ಕಾಲದ ಎಷ್ಟೋ ಕಾರ್ಬ್ಯುರೇಟರ್‌ಗಳಿಗೆ ತಿಳಿ ಚಿನ್ನದ ಬಣ್ಣದ ಕ್ರೋಮೇಟ್ ಪದರ ಇರುತ್ತಿತ್ತು. ನಿಮ್ಮದರಲ್ಲಿ ಫ್ಲೋಟ್ ಬಟ್ಟಲಿನ ಒಳಗೋ ಗ್ಯಾಸ್ಕೆಟ್ ಅಡಿಯಲ್ಲೋ ಅದು ಉಳಿದಿದ್ದರೆ ಪೂರ್ತಿ ಕಿತ್ತು ಹೊಸದು ಮಾಡಿಸುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದೇ ಮೇಲು.

ಬ್ಲಾಕಿಗೆ ಡೀಸೆಲ್ ಹಾಕಿ ಜಿಡ್ಡು ತೆಗೆದು, ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಕಲಸಿ ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ. ಎಂಜಿನ್ ನಂಬರ್ ಇರುವ ಜಾಗ ಮಾತ್ರ ಜೋಪಾನ. ಅಲ್ಲಿ ಬ್ಲಾಸ್ಟಿಂಗ್ ಬೇಡ, ಗ್ರೈಂಡರ್ ಬೇಡ. ನಂಬರ್ ಮಸುಕಾದರೆ ಮುಂದೆ ಆರ್‌ಟಿಒದಲ್ಲಿ ನೀವೇ ಉತ್ತರ ಹೇಳಬೇಕಾಗುತ್ತದೆ. ಆಮೇಲೆ ತೆಳುವಾಗಿ ಪ್ರೈಮರ್, ಅದರ ಮೇಲೆ ಬಿಸಿ ತಡೆಯುವ ಎಂಜಿನ್ ಎನಾಮೆಲ್. ಪೌಡರ್ ಕೋಟಿಂಗ್ ಬೇಡ, ದಪ್ಪವಾಗಿ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಎಂಜಿನ್‌ನ ಬಿಸಿ ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಮಾಮೂಲಿ ಪೇಂಟ್ ಯಾವುದೂ ನಿಲ್ಲುವುದಿಲ್ಲ. ಬೀಡಿನ ಬೂದು ಬಣ್ಣದ ಹೈ ಟೆಂಪರೇಚರ್ ಪೇಂಟ್ ತೆಳುವಾಗಿ ಹೊಡೆಸಿ ಬಿಡಿ.

ತುಕ್ಕು ಹಿಡಿದ ಬ್ರಾಕೆಟ್, ಬೋಲ್ಟುಗಳಿಗೆ ನನಗೆ ಇಷ್ಟವಾದ ಉಪಾಯ ಕಾಕಂಬಿ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ). ದನದ ಮೇವಿನ ಅಂಗಡಿಯಲ್ಲಿ ಸಿಕ್ಕರೆ ತನ್ನಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಹಾಕಿ, ಒಂದೆರಡು ವಾರ ಮುಳುಗಿಸಿಡಿ. ನಾತ ಬರುತ್ತದೆ, ಹಿತ್ತಲಲ್ಲಿ ಇಡಿ. ತುಕ್ಕು ಕರಗುತ್ತದೆ, ಒಳ್ಳೆ ಉಕ್ಕು ಹಾಗೇ ಉಳಿಯುತ್ತದೆ. ಅಲ್ಯೂಮಿನಿಯಂ, ಸತು ಅದರಲ್ಲಿ ಹಾಕಬೇಡಿ.

ಈಗ ಪ್ಲೇಟಿಂಗ್. ಆ ಕಾಲದ ಕಾರುಗಳ ಸಣ್ಣ ಭಾಗಗಳಿಗೆ ಜಿಂಕ್ (ಸತು) ಅಥವಾ ಕ್ಯಾಡ್ಮಿಯಂ ಲೇಪ ಇರುತ್ತಿತ್ತು. ಕ್ಯಾಡ್ಮಿಯಂ ವಿಷ, ಹುಡುಕಲು ಹೋಗಬೇಡಿ. ಅದರ ತಿಳಿ ಬೆಳ್ಳಿ ಬಣ್ಣಕ್ಕೆ ಬಿಳಿ ಪ್ಯಾಸಿವೇಶನ್ (ಲೇಪ ಕೆಡದಂತೆ ಕಾಯುವ ತೆಳು ರಾಸಾಯನಿಕ ಪದರ) ಮಾಡಿದ ಜಿಂಕ್ ಸಾಕಷ್ಟು ಹತ್ತಿರ ಬರುತ್ತದೆ. ಹಳೆಯದರಲ್ಲಿ ಹಳದಿ ಛಾಯೆ ಕಂಡರೆ ಹಳದಿ ಪ್ಯಾಸಿವೇಶನ್ ಕೇಳಿ. ನೀವು ಬೆಂಗಳೂರಿನವರಾದರೆ ಪೀಣ್ಯದಲ್ಲಿ ಪ್ಲೇಟಿಂಗ್ ಅಂಗಡಿಗಳು ಬೇಕಾದಷ್ಟಿವೆ. ನಿಮ್ಮ ಫೋಟೋ ತೋರಿಸಿ, ಹೊಳಪು ಬೇಡ, ಮಂದವಾಗಿರಲಿ ಅಂತ ಬಿಡಿಸಿ ಹೇಳಿ. ಎಲ್ಲವನ್ನೂ ಎಣಿಸಿ, ಪಟ್ಟಿ ಬರೆದು ಕೊಡಿ. ಸಣ್ಣ ಕ್ಲಿಪ್ಪುಗಳು ಪ್ಲೇಟಿಂಗ್ ಮಾಡುವ ಬ್ಯಾರೆಲ್ಲಿನಲ್ಲಿ ಕಳೆದುಹೋದರೆ ಮತ್ತೆ ಸಿಗುವುದು ಕಷ್ಟ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಬಹುದು, ಆದರೆ ಅದೇ ಭಾಗ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ, ಅಲ್ವಾ?

ಒಂದು ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ಕನೆಕ್ಟಿಂಗ್ ರಾಡ್ ಬೋಲ್ಟು, ಹೆಡ್ ಸ್ಟಡ್, ಫ್ಲೈವೀಲ್ ಬೋಲ್ಟುಗಳನ್ನು ಪ್ಲೇಟಿಂಗಿಗೆ ಕೊಡಲೇಬೇಡಿ. ಆಸಿಡ್ ತೊಟ್ಟಿಯಲ್ಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಗಟ್ಟಿ ಉಕ್ಕು ಇದರಿಂದ ಪೆಡಸಾಗಿ, ಬಿಗಿದ ಮೇಲೆ ಏಕಾಏಕಿ ಮುರಿಯಬಹುದು. ಸ್ಪ್ರಿಂಗುಗಳಿಗೂ ಇದೇ ಅಪಾಯ. ಅವಕ್ಕೆ ಪ್ಲೇಟಿಂಗ್ ಬೇಕೇಬೇಕು ಅಂದರೆ, ಆದ ನಾಲ್ಕು ಗಂಟೆಯೊಳಗೆ ಸುಮಾರು 200 ಡಿಗ್ರಿಯಲ್ಲಿ ಹಲವು ಗಂಟೆ ಬೇಯಿಸಬೇಕು, ಪ್ಯಾಸಿವೇಶನ್ ಆಮೇಲೆ. ಮೊದಲೇ ಮಾಡಿದರೆ ಆ ಹಳದಿ ಪದರ ಬಿಸಿಗೆ ಕೆಡುತ್ತದೆ. ಬೇಯಿಸುವ ಓವನ್ ಇದೆಯಾ ಅಂತ ಅಂಗಡಿಯವರನ್ನು ಮೊದಲೇ ಕೇಳಿ. ಇಲ್ಲ ಅಂದರೆ ಸ್ಪ್ರಿಂಗ್ ಕೊಡಬೇಡಿ, ಎಣ್ಣೆ ಸವರಿ ಹಾಗೇ ಹಾಕಿ.

ಹಳೆ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆಯಬೇಡಿ, ನೀರಿನಲ್ಲಿ ಚೆನ್ನಾಗಿ ನೆನೆಸಿ ತೆಗೆಯಿರಿ, ಮಾಸ್ಕ್ ಹಾಕಿ.

ಬ್ಲಾಸ್ಟಿಂಗಿನಿಂದ ಬಂದ ಭಾಗಗಳನ್ನು ಎಷ್ಟು ತೊಳೆದರೂ ಕಡಿಮೆಯೇ. ಎಣ್ಣೆ ಹೋಗುವ ರಂಧ್ರದಲ್ಲಿ ಒಂದಿಷ್ಟು ಗಾಜಿನ ಮಣಿ ಉಳಿದರೂ ಬೇರಿಂಗ್ ಕೆರೆದು ಹಾಳಾಗುತ್ತದೆ. ರಂಧ್ರಗಳ ಪ್ಲಗ್ ಬಿಚ್ಚಿಸಿ, ಉದ್ದ ಬ್ರಷ್ ಹಾಕಿ ಸೋಪುನೀರಿನಲ್ಲಿ ತೊಳೆದು, ಕಂಪ್ರೆಸರ್ ಗಾಳಿ ಹೊಡೆಸಿ, ಬಿಳಿ ಬಟ್ಟೆ ತೂರಿಸಿ ನೋಡಿ. ಬಟ್ಟೆ ಬೆಳ್ಳಗೆ ಹೊರಬಂದ ಮೇಲೇ ಜೋಡಿಸಲು ಹೇಳಿ.